ಪರವಾಗಿಲ್ಲ, ಸ್ವಲ್ಪ ಲ್ಯಾಗು

ಸಿನಿಮಾ ನೋಡಿ ಬಂದವರನ್ನು ‘ಹೇಗಿತ್ತು?’ ಎಂದು ಕೇಳಿ ನೋಡಿ. ಬರುವ ಉತ್ತರಗಳನ್ನೆಲ್ಲ ಒಟ್ಟು ಹಾಕಿದರೂ ಹತ್ತು ಹನ್ನೆರಡು ದಾಟುವುದಿಲ್ಲ. ಪರವಾಗಿಲ್ಲ. ಒಂದ್ಸಲ ನೋಡಬಹುದು. ಸೆಕೆಂಡ್ ಹಾಫ್ ಲ್ಯಾಗು. ಡೈಲಾಗೇ ಕೇಳಿಸಲಿಲ್ಲ. ಕ್ಯಾಮೆರಾ ಸೂಪರ್, ಕಥೆ ಇಲ್ಲ. ಡಬ್ಬಿಂಗ್ ಕೆಟ್ಟದಾಗಿದೆ. ಯಾಕೋ ಸೀರಿಯಲ್ ಥರ ಇತ್ತಪ್ಪ. ಕ್ಲೈಮ್ಯಾಕ್ಸಲ್ಲಿ ಎಡವಿಬಿಟ್ಟಿದ್ದಾರೆ. ಜಗತ್ತಿನ ಯಾವ ಸಿನಿಮಾ ತಂದರೂ ಇಷ್ಟರೊಳಗೇ ಅದನ್ನು ಕೂರಿಸಿಬಿಡಬಹುದು.

ಓದಿಕೊಂಡವರು ಇಂಥ ಮಾತಿಗೆ ಮೂಗು ಮುರಿಯುತ್ತಾರೆ. ಮುರಿಯುವ ಅಗತ್ಯವಿಲ್ಲ. ವೈದ್ಯರ ಮುಂದೆ ರೋಗಿ ಹೇಳಿಕೊಳ್ಳುವ ಮಾತಿನಂತೆ ಇವು: ನೋವಿರುವುದು ಖರೆ, ಎಲ್ಲಿಂದ ಬಂತು ಎಂದು ಅವನು ಹೇಳುವುದನ್ನು ಮಾತ್ರ ನೆಚ್ಚುವಂತಿಲ್ಲ. ಸೆಕೆಂಡ್ ಹಾಫ್ ಲ್ಯಾಗು ಎಂಬ ದೂರಿನ ಬೇರು ಎಷ್ಟೋ ಸಲ ಫಸ್ಟ್ ಹಾಫ್‌ನಲ್ಲಿರುತ್ತದೆ. ಸೀರಿಯಲ್ ಥರ ಇತ್ತು ಎಂಬ ದೂರಿಗೂ ಆ ಸಿನಿಮಾಗೂ ಸಂಬಂಧವೇ ಇರುವುದಿಲ್ಲ, ಅದು ಗೋಡೆಗೆ ತಗುಲಿಹಾಕಿದ ಟಿವಿಯ ಕಿತಾಪತಿ.

ಲ್ಯಾಗ್ ಎಂಬ ದೂರಿನಷ್ಟು ಸಲೀಸಾಗಿ ಬಾಯಿಗೆ ಬರುವುದು ಬೇರೆ ಇಲ್ಲ. ಶಾಟ್, ಅಂದರೆ ಒಂದು ಕಟ್‌ನಿಂದ ಮುಂದಿನ ಕಟ್‌ವರೆಗಿನ ತುಣುಕು, ಉದ್ದವಿದ್ದರೆ ನಿಧಾನ, ಗಿಡ್ಡವಿದ್ದರೆ ವೇಗ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಡೇವಿಡ್ ಬೋರ್ಡ್‌ವೆಲ್ ಎಂಬ ಸಿನಿಮಾ ವಿದ್ವಾಂಸರು ಕೊಡುವ ಲೆಕ್ಕದಲ್ಲಿ 1930ರಿಂದ 1960ರವರೆಗಿನ ಹಾಲಿವುಡ್ ಚಿತ್ರಗಳಲ್ಲಿ ಒಂದು ಶಾಟ್ ಸರಾಸರಿ 8ರಿಂದ 11 ಸೆಕೆಂಡ್ ಇರುತ್ತಿತ್ತು. ಶತಮಾನ ಮುಗಿಯುವ ಹೊತ್ತಿಗೆ ಅದು 3ರಿಂದ 6 ಸೆಕೆಂಡಿಗೆ ಇಳಿದಿತ್ತು. ವೇಗವೆಂದರೆ ಇಷ್ಟೇ ಆಗಿದ್ದರೆ ಇಂದಿನ ಪ್ರೇಕ್ಷಕರಿಗೆ ಆಕಳಿಕೆಯೇ ಬರಬಾರದಿತ್ತು. ಆದರೆ ಸೆಕೆಂಡಿಗೊಂದು ಕಟ್ ಬೀಳುವ ಹೊಡೆದಾಟದ ನಡುವೆಯೇ ಮೊಬೈಲ್ ಪರದೆಗಳು ಬೆಳಗುತ್ತವೆ. ಇಬ್ಬರು ಮೇಜಿನ ಆಚೀಚೆ ಕೂತು ಆರು ನಿಮಿಷ ಮಾತಾಡುವ ದೃಶ್ಯವನ್ನು ಅದೇ ಜನ ಉಸಿರು ಬಿಗಿಹಿಡಿದು ನೋಡುತ್ತಾರೆ.

ಒಂದು ದೃಶ್ಯವನ್ನು ಬಿಡಿಸಿಯೇ ನೋಡೋಣ. ಒಬ್ಬ ಒಂದು ಮನೆಗೆ ಬರುತ್ತಾನೆ. ಕಾರು ನಿಲ್ಲುತ್ತದೆ, ಇಳಿಯುತ್ತಾನೆ, ಗೇಟು ತೆಗೆಯುತ್ತಾನೆ, ಮೆಟ್ಟಿಲು ಹತ್ತುತ್ತಾನೆ, ಬೆಲ್ ಒತ್ತುತ್ತಾನೆ, ಕಾಯುತ್ತಾನೆ, ಬಾಗಿಲು ತೆರೆಯುತ್ತದೆ, ‘ಬನ್ನಿ, ಕೂತ್ಕೊಳ್ಳಿ’. ನಲವತ್ತು ಸೆಕೆಂಡ್. ಕೈ ಪಳಗಿದ ಸಂಕಲನಕಾರ ಕಾರಿನಿಂದ ನೇರ ಸೋಫಾಕ್ಕೆ ಹಾರುತ್ತಾನೆ, ಯಾರಿಗೂ ಏನೂ ತಪ್ಪಿದಂತೆ ಅನ್ನಿಸುವುದಿಲ್ಲ. ಈಗ ಇದಕ್ಕೆ ಒಂದೇ ಒಂದು ವಿಷಯ ಸೇರಿಸಿ: ಅವನು ನೋಡಲೇಬಾರದ ಕಾಗದವೊಂದು ಒಳಗಡೆ ಮೇಜಿನ ಮೇಲೆ ಬಿದ್ದಿದೆ, ಅದನ್ನು ಬಚ್ಚಿಡಬೇಕಾದವಳು ಸ್ನಾನದ ಕೋಣೆಯಲ್ಲಿದ್ದಾಳೆ. ಇನ್ನು ಒಂದು ಮೆಟ್ಟಿಲನ್ನೂ ಕತ್ತರಿಸುವಂತಿಲ್ಲ. ಅದೇ ನಲವತ್ತು ಸೆಕೆಂಡನ್ನು ಅರವತ್ತು ಮಾಡಿದರೂ ಯಾರೂ ಲ್ಯಾಗ್ ಎನ್ನುವುದಿಲ್ಲ. ನೋಡುವವನ ತಲೆಯಲ್ಲಿ ‘ಮುಂದೇನಾಗುತ್ತೆ’ ಎಂಬುದು ಕೊರೆಯುತ್ತಿರುವವರೆಗೆ ಗಡಿಯಾರ ಅವನಿಗೆ ಕಾಣಿಸುವುದಿಲ್ಲ. ಕೊರೆತ ನಿಂತ ಕೂಡಲೇ ಕುರ್ಚಿ ಗಟ್ಟಿಯಾಗುತ್ತದೆ.

ಸೆಕೆಂಡ್ ಹಾಫ್‌ನ ತಾಪತ್ರಯವೂ ಇಲ್ಲಿಯದೇ. ಯಾರಿಗೆ ಏನು ಬೇಕು, ಸಿಗದಿದ್ದರೆ ಏನು ಹೋಗುತ್ತದೆ ಎಂಬುದು ಮೊದಲ ಅರ್ಧದಲ್ಲಿ ನಾಟಬೇಕು. ಆ ಹೊತ್ತನ್ನೆಲ್ಲ ನಾಯಕನ ಪರಿಚಯ, ಗೆಳೆಯರ ತಮಾಷೆ, ಒಂದೆರಡು ಹಾಡು ತಿಂದು ಹಾಕಿದರೂ ಆಗ ಯಾರೂ ದೂರುವುದಿಲ್ಲ. ಎಲ್ಲವೂ ಹೊಸದು, ಕಣ್ಣಿಗೆ ಹಬ್ಬ. ಬಡ್ಡಿ ಕಟ್ಟುವುದು ಆಮೇಲೆ. ದ್ವಿತೀಯಾರ್ಧದಲ್ಲಿ ಇಪ್ಪತ್ತು ನಿಮಿಷದ ಫ್ಲಾಶ್‌ಬ್ಯಾಕ್ ಬಂತೆಂದರೆ ಮುಂಚೆಯೇ ಹೇಳಬೇಕಾಗಿದ್ದ ಏನನ್ನೋ ಹೇಳದೆ ಬಿಟ್ಟಿದ್ದಾರೆ ಎಂದೇ ತಿಳಿಯಬಹುದು. ಇನ್ನೊಂದು ಗುರುತು, ಕಣ್ಣಾರೆ ಕಂಡದ್ದನ್ನೇ ಮತ್ತೆ ಬಾಯಲ್ಲಿ ಹೇಳಿಸುವುದು. ಅಪಘಾತ ನಾವು ನೋಡಿದ್ದೇವೆ. ನಾಯಕ ಅದನ್ನು ಗೆಳೆಯನಿಗೆ ವಿವರಿಸುತ್ತಾನೆ, ಗೆಳೆಯ ಹೋಗಿ ಅಪ್ಪನಿಗೆ ವಿವರಿಸುತ್ತಾನೆ, ಅಪ್ಪ ಪೊಲೀಸರಿಗೆ ವಿವರಿಸುತ್ತಾನೆ. ನಾಲ್ಕನೆಯ ಸಲಕ್ಕೆ ನಾವೂ ಸಾಕ್ಷಿ ಹೇಳುವಷ್ಟು ಪಳಗಿರುತ್ತೇವೆ.

ಲ್ಯಾಗ್ ಎಂದು ಸುದ್ದಿಯಾದ ಮೇಲೆ ಹತ್ತು ಹದಿನೈದು ನಿಮಿಷ ಟ್ರಿಮ್ ಮಾಡುವ ರೂಢಿಯೊಂದಿದೆ. ಟ್ರಿಮ್ ಆದ ಸಿನಿಮಾ ಕೆಲವೊಮ್ಮೆ ಇನ್ನೂ ಉದ್ದ ಅನ್ನಿಸುತ್ತದೆ! ಕತ್ತರಿ ಬೀಳುವುದು ದುಡ್ಡು ಸುರಿದ ಹಾಡಿಗೂ ಅಲ್ಲ, ಹೊಡೆದಾಟಕ್ಕೂ ಅಲ್ಲ. ಯಾರೋ ಕಿಟಕಿಯ ಬಳಿ ನಿಂತು ಮನಸ್ಸು ಬದಲಾಯಿಸುವ ಅರ್ಧ ನಿಮಿಷದ ದೃಶ್ಯ ಮೊದಲು ಹೋಗುತ್ತದೆ. ಆ ಅರ್ಧ ನಿಮಿಷ ಹೋದರೆ ಮುಂದಿನ ಹತ್ತು ನಿಮಿಷಕ್ಕೆ ಕಾರಣವೇ ಇಲ್ಲ, ಕಾರಣವಿಲ್ಲದ ಹತ್ತು ನಿಮಿಷ ಇಪ್ಪತ್ತರಷ್ಟು ಭಾರ.

ನೋಡುವವರ ಪಾಲೂ ಇಲ್ಲದಿಲ್ಲ. ಮೊಬೈಲ್ ನೋಡುತ್ತಾ ಸಿನಿಮಾ ನೋಡುವವರಿಗೆ ಮಾತು ಕಿವಿಗೆ ಬೀಳುತ್ತಿರುತ್ತದೆ, ಮಾತಿಲ್ಲದ್ದು ತಪ್ಪಿಹೋಗುತ್ತದೆ. ಹಾಗಾಗಿ ಮೌನದಲ್ಲಿ ನಡೆಯುವ ಸಿನಿಮಾಗಳಿಗೆಲ್ಲ ಅವರ ತೀರ್ಪು ‘ಏನೂ ಆಗಲ್ಲ’ ಎಂದೇ. ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡುವವರು ಇನ್ನೊಂದು ಜಾತಿ. ಮಾತಿನ ಶ್ರುತಿ ಏರದಂತೆ ಪ್ಲೇಯರ್ ನೋಡಿಕೊಳ್ಳುತ್ತದೆ, ಅರ್ಥವೂ ಆಗುತ್ತದೆ. ಸಾಯುವುದು ನಡುವಿನ ಬಿಡುವು. ಹಾಸ್ಯ ನಿಂತಿರುವುದೇ ಆ ಬಿಡುವಿನ ಮೇಲೆ. ‘ಕಾಮಿಡಿ ವರ್ಕ್ ಆಗಿಲ್ಲ’ ಎಂದವರನ್ನು ಯಾವ ವೇಗದಲ್ಲಿ ನೋಡಿದಿರಿ ಎಂದೂ ಕೇಳಬೇಕು. ಹಾಗೆ ನೋಡಿದರೆ ವೇಗದ ಈ ಆಟ ಹಳೆಯದೇ. ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ) ತೋರಿಸುವ ಟಿವಿ ಪದ್ಧತಿ ಇದ್ದ ದೇಶಗಳಲ್ಲಿ 24 ಫ್ರೇಮಿನ ಸಿನಿಮಾವನ್ನು ಸುಮ್ಮನೆ ಶೇ 4ರಷ್ಟು ವೇಗವಾಗಿ ಓಡಿಸುತ್ತಿದ್ದರು. 150 ನಿಮಿಷದ ಸಿನಿಮಾ 144 ನಿಮಿಷಕ್ಕೇ ಮುಗಿದು, ಪಾತ್ರಗಳ ದನಿಯೂ ಒಂದಿಷ್ಟು ಏರಿರುತ್ತಿತ್ತು.

ಡೈಲಾಗ್ ಕೇಳಿಸಲಿಲ್ಲ ಎಂಬ ದೂರಿಗೆ ನಟರು ಗೊಣಗುತ್ತಾರೆ ಎಂಬ ಕಾರಣ ಸಿದ್ಧವಾಗಿದೆ. ಗೊಣಗುವವರು ಇದ್ದಾರೆ, ನಿಜ. ಆದರೆ ಥಿಯೇಟರಿನಲ್ಲಿ ಸ್ಪಷ್ಟವಾಗಿ ಕೇಳಿಸಿದ ಮಾತು ಮನೆಯಲ್ಲಿ ಕೇಳಿಸದಿದ್ದರೆ ನಟರನ್ನು ಬಿಟ್ಟು ತಂತಿಯನ್ನು ಹಿಡಿಯಬೇಕು. ಥಿಯೇಟರಿನ 5.1 ಧ್ವನಿಯಲ್ಲಿ (ಐದು ಮುಖ್ಯ ದಾರಿ, ಗುಡುಗಿನಂಥ ತಗ್ಗು ಸದ್ದಿಗೆ ಇನ್ನೊಂದು) ಪರದೆಯ ಹಿಂದೆ ಎಡ, ನಡು, ಬಲ ಎಂದು ಮೂರು ಸ್ಪೀಕರ್. ಮಾತು ಬಹುಪಾಲು ನಡುವಿನದರಿಂದಲೇ ಬರುತ್ತದೆ. ಸಂಗೀತ, ಗದ್ದಲ ಎಡಬಲಕ್ಕೆ ಹರಡಿಕೊಂಡಿರುತ್ತವೆ. ದಿಕ್ಕು ಬೇರೆಯಾದ್ದರಿಂದ ಕಿವಿ ಅವನ್ನು ಸುಲಭವಾಗಿ ಬೇರ್ಪಡಿಸುತ್ತದೆ. ಎರಡೇ ಸ್ಪೀಕರಿನ ಟಿವಿಗೆ ಬಂದಾಗ ನಡುವಿನ ಸ್ಪೀಕರಿನ ಪಾಲಿನ ಧ್ವನಿಯನ್ನು ಸಾಮಾನ್ಯವಾಗಿ 3 ಡೆಸಿಬೆಲ್ (ಸದ್ದಿನ ಜೋರನ್ನು ಅಳೆಯುವ ಮಾನ) ತಗ್ಗಿಸಿ ಎಡಬಲಕ್ಕೆ ಬೆರೆಸುತ್ತಾರೆ. ಈಗ ಮಾತು, ಮಳೆ, ಪಿಟೀಲು ಎಲ್ಲ ಒಂದೇ ಕಿಂಡಿಯಿಂದ ಹೊರಬರಬೇಕು. ಆ ಕಿಂಡಿಯೋ ತೆಳ್ಳಗಿನ ಟಿವಿಯ ಬೆನ್ನಿಗೋ ಬುಡಕ್ಕೋ ಇದ್ದು ಗೋಡೆಯ ಜೊತೆ ಮಾತಾಡುತ್ತಿರುತ್ತದೆ.

ಇದರ ಮೇಲೆ ಮಟ್ಟದ ತೊಂದರೆ. ಸಿನಿಮಾದ ಧ್ವನಿ ಮಿಶ್ರಣ ಮಾಡುವ ಕೋಣೆಯಲ್ಲಿ ಪ್ರತಿ ಮುಖ್ಯ ಸ್ಪೀಕರನ್ನೂ 85 ಡೆಸಿಬೆಲ್ಲಿಗೆ ಹೊಂದಿಸಿರುತ್ತಾರೆ, ಅದರ ಮೇಲೆ ಅಬ್ಬರಕ್ಕೆಂದು ಇನ್ನೂ 20 ಡೆಸಿಬೆಲ್ ಜಾಗ ಬಿಟ್ಟಿರುತ್ತಾರೆ. ಮನೆಯಲ್ಲಿ ಅಷ್ಟು ಜೋರಾಗಿ ಇಟ್ಟರೆ ಪಕ್ಕದ ಮನೆಯವರು ಬಂದು ಬಾಗಿಲು ಬಡಿಯುತ್ತಾರೆ. ಸ್ಫೋಟಕ್ಕೆ ಹೆದರಿ ವಾಲ್ಯೂಮ್ ಇಳಿಸಿದರೆ ಪಿಸುಮಾತು ಫ್ಯಾನಿನ ಸದ್ದಿಗಿಂತ ಕೆಳಗೆ ಹೋಗುತ್ತದೆ. ರಿಮೋಟ್ ಹಿಡಿದ ಕೈ ಎರಡೂವರೆ ತಾಸು ಏರಿಳಿಯುತ್ತಲೇ ಇರುತ್ತದೆ.

ಮಾಡಬಹುದಾದದ್ದು ಹೀಗೆ. ಬೇರೆ ಸ್ಪೀಕರ್ ಜೋಡಿಸಿಲ್ಲದಿದ್ದರೆ ಆ್ಯಪ್‌ನ ಆಡಿಯೊ ಪಟ್ಟಿಯಲ್ಲಿ 5.1 ಬಿಟ್ಟು ಸ್ಟೀರಿಯೊ ಆಯ್ದುಕೊಳ್ಳಿ. ಎರಡು ಸ್ಪೀಕರಿಗೆಂದೇ ಮಿಶ್ರಣ ಮಾಡಿದ್ದು ಇದ್ದರೆ ಅದು ಸಿಗುತ್ತದೆ. ಟಿವಿಯ ‘ವರ್ಚುವಲ್ ಸರೌಂಡ್’ ಆಫ್ ಮಾಡಿಬಿಡಿ, ಅದು ಮಾತನ್ನು ಇನ್ನಷ್ಟು ಕದಡುತ್ತದೆ. ನೈಟ್ ಮೋಡ್ ಎಂದೋ ಡೈನಮಿಕ್ ರೇಂಜ್ ಎಂದೋ ಇರುವುದನ್ನು ಹಚ್ಚಿದರೆ ಸ್ಫೋಟ ತಗ್ಗಿ ಪಿಸುಮಾತು ಏರುತ್ತದೆ. ನಡುವಿಗೆ ಪ್ರತ್ಯೇಕ ಸ್ಪೀಕರ್ ಇರುವವರು ಒಟ್ಟು ವಾಲ್ಯೂಮ್ ಏರಿಸುವ ಬದಲು ಅದೊಂದನ್ನೇ 2-3 ಡೆಸಿಬೆಲ್ ಏರಿಸಿದರೆ ಸಾಕು. ಇಷ್ಟಾದ ಮೇಲೂ ಕೇಳಿಸದಿದ್ದರೆ ತಪ್ಪು ಸಿನಿಮಾದವರದ್ದೇ. ಅದಕ್ಕೂ ಒಂದು ಕಾರಣವಿದೆ: ಮಿಶ್ರಣ ಮಾಡುವವರು ಒಂದೊಂದು ಮಾತನ್ನೂ ತಿಂಗಳುಗಟ್ಟಲೆ ಕೇಳಿ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಗೊತ್ತಿರುವ ಮಾತು ಎಷ್ಟು ಮೆಲ್ಲಗಿದ್ದರೂ ಕೇಳಿಸುತ್ತದೆ. ಮೊದಲ ಸಲ ಕೇಳುವವನ ಕಿವಿ ಆ ಕೋಣೆಯಲ್ಲಿ ಯಾರಿಗೂ ಉಳಿದಿರುವುದಿಲ್ಲ.

ಡಬ್ಬಿಂಗ್ ವಿಷಯಕ್ಕೆ ಬಂದರೆ ಎಡವುವುದು ತುಟಿಗಳಲ್ಲಿ. ಪ, ಬ, ಮ ಎನ್ನಲು ಎರಡು ತುಟಿ ಕೂಡಲೇಬೇಕು. ಕ್ಲೋಸಪ್‌ನಲ್ಲಿ ನಟಿಯ ತುಟಿ ಮುಚ್ಚಿದ ಕ್ಷಣಕ್ಕೆ ಕಿವಿಗೆ ‘ಹೋಗು’ ಎಂದು ಬಿದ್ದರೆ ಏನೋ ಎಡವಟ್ಟಾಯಿತು ಎಂದು ಮಗುವಿಗೂ ತಿಳಿಯುತ್ತದೆ. ಅಲ್ಲಿಗೆ ‘ಬೇಡ’ ಕೂರಿಸಿದರೆ ಯಾರಿಗೂ ಸಂಶಯ ಬರುವುದಿಲ್ಲ. ಒಳ್ಳೆಯ ಡಬ್ಬಿಂಗ್ ಬರಹಗಾರ ಅರ್ಥದ ಜೊತೆ ಈ ಅಕ್ಷರಗಳನ್ನೂ ಎಣಿಸುತ್ತಾನೆ. ಪಾತ್ರ ಬೆನ್ನು ತಿರುಗಿಸಿದಾಗ, ದೂರದ ಶಾಟ್‌ನಲ್ಲಿ, ತಾನು ಉಳಿಸಿಟ್ಟುಕೊಂಡ ಉದ್ದದ ಮಾತನ್ನೆಲ್ಲ ಅಲ್ಲಿ ತುರುಕುತ್ತಾನೆ. ಕಣ್ಣಿಗೂ ಕಿವಿಗೂ ತಾಳ ತಪ್ಪಿದರೆ ಮಿದುಳು ಸುಮ್ಮನಿರುವುದಿಲ್ಲ: ‘ಗ’ ಎನ್ನುವ ತುಟಿಗೆ ‘ಬ’ ಎಂಬ ಶಬ್ದ ಜೋಡಿಸಿದರೆ ಬಹಳ ಜನಕ್ಕೆ ‘ಡ’ ಎಂದು ಕೇಳಿಸುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಮೆಗರ್ಕ್ ಮತ್ತು ಮೆಕ್‌ಡೊನಾಲ್ಡ್ 1976ರಲ್ಲೇ ತೋರಿಸಿದ್ದರು.

ಹಾಗೆಂದು ಡಬ್ಬಿಂಗ್ ಸರಿಯಿಲ್ಲ ಎಂದವರ ಮಾತನ್ನೆಲ್ಲ ಬರಹಗಾರನ ತಲೆಗೆ ಕಟ್ಟುವಂತೆಯೂ ಇಲ್ಲ. ಶಬ್ದ 45 ಮಿಲಿಸೆಕೆಂಡ್ ಮುಂಚೆ ಬಂದರೆ ನಮಗೆ ಗೊತ್ತಾಗತೊಡಗುತ್ತದೆ, ತಡವಾಗಿ ಬಂದರೆ 125ರವರೆಗೂ ಗೊತ್ತೇ ಆಗುವುದಿಲ್ಲ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಂದಾಜು. ಈ ತಾರತಮ್ಯ ಸಹಜವೇ. ದೂರದ ಶಬ್ದ ತಡವಾಗಿ ತಲುಪುವುದು ನಮಗೆ ಹುಟ್ಟಿನಿಂದ ರೂಢಿ. ದೊಡ್ಡ ಥಿಯೇಟರಿನಲ್ಲಿ ಪರದೆಯಿಂದ 28 ಮೀಟರ್ ಹಿಂದೆ ಕೂತವನಿಗೆ ಮಾತು ಹೆಚ್ಚುಕಮ್ಮಿ ಎರಡು ಫ್ರೇಮ್ ತಡವಾಗಿಯೇ ಕೇಳುತ್ತದೆ, ಅವನಿಗೆ ಅದರ ಪರಿವೆಯೇ ಇರುವುದಿಲ್ಲ. ಬ್ಲೂಟೂತ್ ಸ್ಪೀಕರ್ ಮಾತ್ರ ಈ ಸಹನೆಯನ್ನು ಪರೀಕ್ಷೆ ಮಾಡುತ್ತದೆ. ಅದರ ವಿಳಂಬ 100ರಿಂದ 250 ಮಿಲಿಸೆಕೆಂಡ್ ಇರುವುದುಂಟು. ಮೊಬೈಲಿನ ಹೆಚ್ಚಿನ ಆ್ಯಪ್‌ಗಳು ಚಿತ್ರವನ್ನೂ ಅಷ್ಟೇ ತಡಮಾಡಿ ಸರಿದೂಗಿಸುತ್ತವೆ, ಟಿವಿ ಮತ್ತು ಪ್ರೊಜೆಕ್ಟರುಗಳು ಎಷ್ಟೋ ಸಲ ಆ ಗೋಜಿಗೆ ಹೋಗುವುದಿಲ್ಲ. ಡಬ್ ಆಗದ, ಮೂಲ ಭಾಷೆಯ ಸಿನಿಮಾ ಹಾಕಿ ನೋಡಿ. ಅದರಲ್ಲೂ ತುಟಿ ತಪ್ಪುತ್ತಿದ್ದರೆ ತಪ್ಪು ಪೆಟ್ಟಿಗೆಯದು, ‘ಆಡಿಯೊ ಡಿಲೇ’ ಅಥವಾ ‘ಎವಿ ಸಿಂಕ್’ ಎಂಬ ಜಾಗದಲ್ಲಿ ಸರಿಮಾಡಬಹುದು.

ಸೀರಿಯಲ್ ಥರ ಇತ್ತು ಎಂಬ ಮಾತು ನಿರ್ದೇಶಕರ ಹೊಟ್ಟೆ ಉರಿಸುವಂಥದ್ದು. ಮಾತು ಬಂದ ನಂತರದ ಸಿನಿಮಾ, ಅಂದರೆ 1920ರ ದಶಕದ ಕೊನೆಯಿಂದೀಚೆಗೆ, ಸೆಕೆಂಡಿಗೆ 24 ಫ್ರೇಮ್‌ಗಳಲ್ಲಿ ಓಡುತ್ತಿದೆ. ಕೈ ಬೀಸಿದರೆ ಒಂದಿಷ್ಟು ಮಸುಕು, ಕ್ಯಾಮೆರಾ ಪಕ್ಕಕ್ಕೆ ತಿರುಗಿದರೆ ಒಂದಿಷ್ಟು ನಡುಕ. ನಮ್ಮ ಕಣ್ಣಿಗೆ ಸಿನಿಮಾ ಅಂದರೆ ಅದೇ. ಹೊಸ ಟಿವಿಗಳು ಆ ಫ್ರೇಮ್‌ಗಳ ನಡುವೆ ತಾವೇ ಊಹಿಸಿ ಹೊಸ ಫ್ರೇಮ್ ಹೆಣೆದು ಎಲ್ಲವನ್ನೂ ಬೆಣ್ಣೆಯಂತೆ ಜಾರಿಸುತ್ತವೆ. ಕ್ರಿಕೆಟ್ಟಿಗೆ ಒಳ್ಳೆಯದು. ಸಿನಿಮಾಗೆ ಹಚ್ಚಿದರೆ ರಾಜನ ಅರಮನೆ ರಂಗಸಜ್ಜಿಕೆಯಾಗುತ್ತದೆ, ಗಡ್ಡ ಅಂಟಿಸಿದ್ದು ಎಂದು ಗೊತ್ತಾಗುತ್ತದೆ. 2012ರಲ್ಲಿ ‘ದಿ ಹಾಬಿಟ್’ ಸರಣಿಯ ಮೊದಲ ಚಿತ್ರವನ್ನು ಬೇಕೆಂದೇ 48 ಫ್ರೇಮ್‌ಗಳಲ್ಲಿ ತೆಗೆದು ತೋರಿಸಿದಾಗಲೂ ಬಹಳ ಜನರ ತಕರಾರು ಇದೇ ಆಗಿತ್ತು. 2018ರಲ್ಲಿ ಹಾಲಿವುಡ್ ನಟ ಟಾಮ್ ಕ್ರೂಸ್ ವಿಡಿಯೊ ಮಾಡಿ, ದಯವಿಟ್ಟು ಟಿವಿಯ ಈ ಸೌಲಭ್ಯವನ್ನು ಆಫ್ ಮಾಡಿ ಎಂದು ಕೇಳಿಕೊಂಡದ್ದೂ ಇದಕ್ಕೇ. ಸೆಟ್ಟಿಂಗ್ಸ್‌ನ ಪಿಕ್ಚರ್ ವಿಭಾಗದಲ್ಲಿ ಇದು ಒಂದೊಂದು ಕಂಪನಿಯಲ್ಲಿ ಒಂದೊಂದು ಹೆಸರಿನಲ್ಲಿ ಅಡಗಿ ಕೂತಿರುತ್ತದೆ: ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೊ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ. ಫಿಲ್ಮ್‌ಮೇಕರ್ ಮೋಡ್ ಇರುವ ಟಿವಿಯಾದರೆ ಅದೊಂದನ್ನು ಒತ್ತಿದರೆ ಎಲ್ಲವೂ ಒಟ್ಟಿಗೆ ಆರುತ್ತವೆ.

ಕತ್ತಲೆ ಜಾಸ್ತಿ, ಏನೂ ಕಾಣಲಿಲ್ಲ ಎಂಬುದಕ್ಕೆ ಥಿಯೇಟರಿನಲ್ಲಿ ಒಂದು ಕಾರಣ, ಮನೆಯಲ್ಲಿ ಇನ್ನೊಂದು. ಥಿಯೇಟರಿನ ಬಿಳಿ ಪರದೆಗೆ ನಿಗದಿಯಾದ ಬೆಳಕು 48 ನಿಟ್ (ಪರದೆಯ ಹೊಳಪಿನ ಮಾನ), ಅಂದರೆ ಮೊಬೈಲ್ ಪರದೆಯ ಬೆಳಕಿನ ಸಣ್ಣದೊಂದು ಪಾಲು. ಹಳೆಯ ದೀಪ ಅದನ್ನೂ ಕೊಡುವುದಿಲ್ಲ. ತ್ರೀಡಿ ಪ್ರದರ್ಶನಕ್ಕೆ ಹಾಕಿದ ಮಸೂರವನ್ನು ತೆಗೆಯದೆ ಮಾಮೂಲಿ ಸಿನಿಮಾ ಓಡಿಸಿದರೆ ಬೆಳಕು ಇನ್ನೂ ಸೋರಿಹೋಗುತ್ತದೆ. ಮನೆಯಲ್ಲಿ ತೊಂದರೆ ಕೊಡುವುದು ಇಂಟರ್ನೆಟ್ಟಿನ ಜಿಪುಣತನ. ಥಿಯೇಟರಿನ ಡಿಜಿಟಲ್ ಪ್ರತಿಗೆ ಚಿತ್ರದ ದತ್ತಾಂಶ ಸೆಕೆಂಡಿಗೆ 250 ಮೆಗಾಬಿಟ್‌ವರೆಗೆ ಅವಕಾಶ, ಸ್ಟ್ರೀಮಿಂಗ್‌ನ 4ಕೆ ಪ್ರತಿಗೆ ಅದರ ಹತ್ತನೇ ಒಂದು ಭಾಗ ಸಿಕ್ಕರೆ ಪುಣ್ಯ. ಹಿಂಡಿ ಸಣ್ಣದು ಮಾಡುವ ತಂತ್ರಾಂಶ ಮೊದಲು ಕೈ ಹಾಕುವುದೇ ಕಪ್ಪಿನೊಳಗಿನ ಸೂಕ್ಷ್ಮಗಳಿಗೆ, ಯಾರೂ ನೋಡಲಾರರು ಎಂಬ ಧೈರ್ಯದಿಂದ. ರಾತ್ರಿಯ ಆಕಾಶದಲ್ಲಿ ಚೌಕ ಚೌಕ ಕಾಣುವುದು ಅದಕ್ಕೇ. ಹಗಲಲ್ಲಿ ಕಿಟಕಿ ತೆರೆದಿಟ್ಟು ದೆವ್ವದ ಸಿನಿಮಾ ನೋಡುವವರಿಗೆ ಮಾತ್ರ ಯಾರೂ ಏನೂ ಮಾಡಲಾಗುವುದಿಲ್ಲ.

‘ಕ್ಯಾಮೆರಾ ಸೂಪರ್’ ಎಂದರೆ ಬಹುತೇಕ ಬೆಟ್ಟ ಚೆನ್ನಾಗಿತ್ತು ಎಂದರ್ಥ. ‘ಆ್ಯಕ್ಟಿಂಗ್ ಸೂಪರ್’ ಎಂದರೆ ಅತ್ತರು ಎಂದರ್ಥ. ಸುಮ್ಮನೆ ಇನ್ನೊಬ್ಬರ ಮಾತನ್ನು ಕೇಳಿಸಿಕೊಳ್ಳುವ ನಟನೆ ಅದಕ್ಕಿಂತ ಕಷ್ಟ, ಅದನ್ನು ಹೊಗಳಿದವರು ಅಪರೂಪ.

ಕ್ಲೈಮ್ಯಾಕ್ಸಿನ ಬಗ್ಗೆ ಜನ ಇಷ್ಟು ಕಟುವಾಗಿರುವುದಕ್ಕೆ ನೆನಪಿನ ಗುಣವೇ ಕಾರಣ. ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಫ್ರೆಡ್ರಿಕ್‌ಸನ್ ಮತ್ತು ಡೇನಿಯಲ್ ಕಾನೆಮನ್ 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ ಹಿತವಾದ, ಅಹಿತವಾದ ಚಿತ್ರ ತುಣುಕುಗಳನ್ನೇ ತೋರಿಸಿದ್ದರು. ತುಣುಕು ಎಷ್ಟು ಉದ್ದವಿತ್ತು ಎಂಬುದು ಆಮೇಲಿನ ಅಭಿಪ್ರಾಯದಲ್ಲಿ ಹೆಚ್ಚು ಲೆಕ್ಕಕ್ಕೆ ಬರಲಿಲ್ಲ. ತೀವ್ರವಾದ ಕ್ಷಣ ಮತ್ತು ಕೊನೆಯ ಕ್ಷಣ, ಇವೆರಡೇ ತೂಗಿದವು. ನೂರಮೂವತ್ತು ನಿಮಿಷ ಚೆನ್ನಾಗಿದ್ದು ಕೊನೆಯ ಹತ್ತು ನಿಮಿಷ ಕೈಕೊಟ್ಟ ಸಿನಿಮಾ ‘ವೇಸ್ಟು’ ಅನ್ನಿಸಿಕೊಳ್ಳುವುದು, ಎರಡು ತಾಸು ಗೋಳಾಡಿಸಿ ಕೊನೆಗೆ ಶಿಳ್ಳೆ ಹೊಡೆಸಿದ್ದು ಗೆಲ್ಲುವುದು ಹೀಗೆ. ಹೊರಬಾಗಿಲಲ್ಲಿ ಮೈಕ್ ಹಿಡಿದು ನಿಂತವರಿಗೆ ಸಿಗುವುದು ಆ ಕೊನೆಯ ಹತ್ತು ನಿಮಿಷದ ಅಭಿಪ್ರಾಯ. ಮೂರು ದಿನ ಬಿಟ್ಟು ಕೇಳಿದರೆ ಬರುವ ಉತ್ತರ ಬೇರೆಯೇ ಇರುತ್ತದೆ, ನನ್ನ ಮಟ್ಟಿಗೆ ಅದೇ ಹೆಚ್ಚು ಉಪಯುಕ್ತ.

ಶೇಕಡಾವಾರು ಅಂಕ ನೋಡಿ ಹೋಗುವವರೂ ಒಂದು ವಿಷಯ ಗಮನದಲ್ಲಿಡಬೇಕು. ವಿಮರ್ಶೆಗಳನ್ನು ಒಟ್ಟು ಹಾಕಿ ಲೆಕ್ಕ ಕೊಡುವ ಜಾಲತಾಣ ರಾಟನ್ ಟೊಮ್ಯಾಟೋಸ್‌ನಲ್ಲಿ ಶೇ 95 ಎಂದರೆ ನೂರಕ್ಕೆ 95 ಅಂಕ ಬಂತೆಂದಲ್ಲ, ನೂರರಲ್ಲಿ 95 ವಿಮರ್ಶಕರು ‘ಅಡ್ಡಿಯಿಲ್ಲ’ ಎಂದರು ಎಂದಷ್ಟೇ. ಎಲ್ಲರಿಗೂ ಪರವಾಗಿಲ್ಲ ಅನ್ನಿಸಿದ ಸಪ್ಪೆ ಸಿನಿಮಾಗೆ ಅಲ್ಲಿ ಪೂರ್ತಿ ನೂರು ಬರಬಹುದು. ಅರ್ಧ ಜನ ತಲೆ ಮೇಲೆ ಹೊತ್ತು ಕುಣಿದು, ಉಳಿದರ್ಧ ಬಾಯಿಗೆ ಬಂದಂತೆ ಬೈದ ಸಿನಿಮಾಗೆ ಐವತ್ತು. ಹಣಕ್ಕೂ ಸಮಯಕ್ಕೂ ತಕ್ಕದ್ದು ಎರಡನೆಯದೇ ಎಂದು ನಾನು ವಾದಿಸಬಲ್ಲೆ.

ಇದಕ್ಕಿಂತ ಹತ್ತಿರದ ಅಳತೆಗೋಲು ಗೆಳೆಯರು. ಒಬ್ಬರ ರುಚಿ ನಮ್ಮದಕ್ಕೆ ಹೊಂದಲೇಬೇಕೆಂದಿಲ್ಲ, ಸ್ಥಿರವಾಗಿದ್ದರೆ ಆಯಿತು. ಅವರಿಗೆ ಲ್ಯಾಗ್ ಅನ್ನಿಸಿದ್ದೆಲ್ಲ ನಮಗೆ ಹಿಡಿಸುತ್ತದೆಂದು ಒಮ್ಮೆ ಖಚಿತವಾದರೆ ಅವರಿಗಿಂತ ಒಳ್ಳೆಯ ವಿಮರ್ಶಕರು ಬೇಕಿಲ್ಲ. ಜೊತೆಗೆ ಎಲ್ಲಿ ನೋಡಿದಿರಿ, ಯಾವುದರಲ್ಲಿ ನೋಡಿದಿರಿ, ಒಂದೇ ಸಲಕ್ಕೆ ನೋಡಿದಿರೋ ನಾಲ್ಕು ಕಂತಿನಲ್ಲೋ ಎಂದು ಕೇಳಿಕೊಳ್ಳಬೇಕು. ನಿದ್ದೆ ಬಂದಿತ್ತೇ ಎಂಬುದನ್ನಂತೂ ಮರೆಯುವಂತಿಲ್ಲ. ‘ಚೆನ್ನಾಗೇ ಇತ್ತು, ಆದ್ರೆ ಮಧ್ಯದಲ್ಲಿ ಕಥೆ ಯಾಕೋ ಕನೆಕ್ಟ್ ಆಗ್ಲಿಲ್ಲ’ ಎನ್ನುವವರಲ್ಲಿ ಅರ್ಧ ಜನ ಆ ಮಧ್ಯದಲ್ಲಿ ಗೊರಕೆ ಹೊಡೆಯುತ್ತಿದ್ದವರು. ಪಕ್ಕದಲ್ಲಿ ಕೂತವರನ್ನು ವಿಚಾರಿಸಿದರೆ ಎಷ್ಟು ಹೊತ್ತು ಎಂಬುದೂ ತಿಳಿಯುತ್ತದೆ.